ನೀಲಿ ಎಪ್ಪತ್ತೊಂದು

ನೆರಿಡಾ ಪ್ಯಾಸ್ಕೋ ಬರುವ ಮುನ್ನ ಅವಳ ದನಿ ಬರುತ್ತದೆ. ಗುಡ್ಡದಾಚೆ ಕುರಿಮಂದೆಯ ಹಿಂದೆ ಓಡುವ ನಾಯಿಗಳನ್ನು ಬೇಲಿಯ ಬಳಿ ನಿಂತೇ ಎಡಕ್ಕೆ ಬಲಕ್ಕೆ ತಿರುಗಿಸಿ ಪಳಗಿದ ದನಿ ಅದು. ಅಂಚೆಕಚೇರಿಯೊಳಗೆ ಅವಳು ಮಳೆಯ ಮಾತೆತ್ತಿದರೆ ಹೊರಗೆ ಕಾರಿನಲ್ಲಿ ತೂಕಡಿಸುವವರು ಗಾಜು ಏರಿಸಿಕೊಳ್ಳುತ್ತಾರೆ. ಗಂಡ ಬಿಟ್ಟುಹೋಗುವಾಗ ಕೊಟ್ಟ ಕಾರಣವೂ ಅದೇ.

ಹಾಗಾಗಿ ತಂಗಿ ಬೆವ್, ಎಂದೂ ಕಾಣದ ಗಂಡಸೊಬ್ಬನ ಜೊತೆ ಶುಕ್ರವಾರದ ಊಟಕ್ಕೆ ನೆರಿಡಾಳನ್ನು ಒಪ್ಪಿಸಿದಾಗ ಹಾಕಿದ ಷರತ್ತು ಒಂದೇ. "ಅಕ್ಕಾ, ಅವನು ಕೂತಿರೋದು ಮೇಜಿನಾಚೆ, ಗುಡ್ಡದಾಚೆ ಅಲ್ಲ. ಇವನನ್ನೂ ಓಡಿಸ್ಬೇಡ ಮಾರಾಯ್ತಿ."

ಊರಿನವರು ಚೆಂಡುರುಳಿಸಿ ಆಡಿ, ಉಂಡು ಹೋಗುವ ಬೌಲ್ಸ್ ಕ್ಲಬ್ಬಿನ ಮೂಲೆಯಲ್ಲಿ ಕ್ಲೆಮ್ ಡೋಹರ್ಟಿ ಕಾದಿದ್ದ: ಮರ ಕೊಯ್ಯುವ ಮಿಲ್ಲಿನವನು, ಅಗಲ ಕೈಯವನು, ಇಸ್ತ್ರಿಯ ಬಿಸಿ ಇನ್ನೂ ಆರದಂಥ ಅಂಗಿಯವನು. ಅವಳಿಗೆ ಅವನ ಕೈಗಳು ಹಿಡಿಸಿದವು. ದನಿಯನ್ನು ಮಡಿಸಿ, ಪಿಸುಮಾತಿಗಿಂತ ಒಂದೆಳೆ ಮೇಲಿಟ್ಟು, ಉಣ್ಣೆಯ ಬಗ್ಗೆ, ತಟ್ಟೆಯಲ್ಲಿದ್ದ ಮೀನಿನ ಬಗ್ಗೆ ಮಾತಾಡಿದಳು. ಅವನು ತಲೆಯಾಡಿಸಿದ. ಮಕ್ಕಳೆಷ್ಟು ಎಂದು ಕೇಳಿದ್ದಕ್ಕೂ ತಲೆಯಾಡಿಸಿದ. ಇವನಿಗೆ ಬೇಸರ ಬಂದಿದೆ ಎಂದು ಅವಳಿಗೆ ಖಚಿತವಾಯಿತು. ದನಿ ಇನ್ನೂ ತಗ್ಗಿತು.

ಅಷ್ಟರಲ್ಲಿ ವಾರದ ಲಾಟರಿ ಎತ್ತಿದರು; ಬಣ್ಣಬಣ್ಣದ ಸಂಖ್ಯೆಯ ಚೀಟಿಗಳನ್ನು ಒಳಗೆ ಬರುವಾಗಲೇ ಎಲ್ಲರಿಗೂ ಮಾರಿದ್ದರು. ಬಹುಮಾನ ಒಂದು ತಟ್ಟೆ ತುಂಬ ಮಾಂಸ. ಮೂರು ಸಲ ಕೂಗುವುದರೊಳಗೆ ಗೆದ್ದವರು ಕೂತಲ್ಲಿಂದ ಓಗೊಡಬೇಕು, ಇಲ್ಲವೆ ಬೇರೆ ಚೀಟಿ ಎತ್ತುತ್ತಾರೆ.

"ನೀಲಿ, ಎಪ್ಪತ್ತೊಂದು."

ಮೊದಲ ಕೂಗಿಗೆ ನೆರಿಡಾ ತನ್ನ ಚೀಟಿ ನೋಡಿಕೊಂಡಳು. ಎರಡನೆಯದಕ್ಕೆ ಅದನ್ನು ಅಂಗೈಯಲ್ಲಿ ಮುಚ್ಚಿದಳು. ಮೂರನೆಯದಕ್ಕೆ ಅವಳೊಳಗೆ ಏನೋ ಎದ್ದು ನಿಂತಿತು: ತನ್ನದನ್ನು ತನ್ನದೆನ್ನುವುದಕ್ಕೂ ಅಪ್ಪಣೆ ಬೇಕೆ?

"ಇಲ್ಲೀ!"

ಗ್ಲಾಸುಗಳು ನಡುಗಿದವು. ಹೊರಗೆ ನಿಂತ ತೆರೆದ ವ್ಯಾನುಗಳ ಹಿಂಬದಿಯಲ್ಲಿ ಮಲಗಿದ್ದ ನಾಯಿಗಳೆಲ್ಲ ಎದ್ದು ನಿಂತವು. ಬೆವ್ ಇದ್ದಿದ್ದರೆ ಮೇಜಿನಡಿ ಸೇರುತ್ತಿದ್ದಳು. ಕ್ಲೆಮ್ ಮಾತ್ರ ಫೋರ್ಕ್ ಕೆಳಗಿಟ್ಟು ಮೊದಲ ಬಾರಿಗೆ ನಕ್ಕ.

"ಅಬ್ಬ, ಕೊನೆಗೂ ಒಂದು ಮಾತು ಕೇಳಿಸ್ತು. ಗರಗಸದ ಮುಂದೆ ನಿಂತೂ ನಿಂತೂ ನನ್ನ ಕಿವಿ ಮುಕ್ಕಾಲು ಹೋಗಿದೆ. ಹೇಳ್ಕೊಳ್ಳೋಕೆ ನಾಚಿಕೆ ಆಗಿ ಸುಮ್ನೆ ತಲೆ ಆಡಿಸ್ತಿದ್ದೆ. ಈಗ ಮೊದಲಿಂದ ಹೇಳಿ. ಇದೇ ದನೀಲಿ."

ಅವಳು ಮೊದಲಿನಿಂದ ಹೇಳಿದಳು. ಕ್ಲಬ್ಬಿಗೆ ಕ್ಲಬ್ಬೇ ಕೇಳಿಸಿಕೊಂಡಿತು.

ಇಂಥವರು ಪ್ರತಿ ಊರಿನಲ್ಲೂ ಒಬ್ಬರಾದರೂ ಇರುತ್ತಾರೆ. ಅವರನ್ನು ತಗ್ಗಿಸಲು ಉಳಿದ ನಾವೆಲ್ಲ ಪ್ರೀತಿಯಿಂದಲೇ ಶ್ರಮಿಸುತ್ತೇವೆ. ಅವರ ಅಳತೆಯ ಕಿವಿಯೊಂದು ಎಲ್ಲೋ ಕಾದಿರಬಹುದೆಂದು ನಮಗೆ ಹೊಳೆಯುವುದಿಲ್ಲ. ಹೊಳೆಯುವ ಹೊತ್ತಿಗೆ ಅವರು ಕೋಣೆ ತುಂಬ ನಗುತ್ತ ಬಾಗಿಲು ದಾಟಿರುತ್ತಾರೆ.