ಸಂಜೆ ಮಲ್ಲಿಗೆ ಬಣ್ಣದ ಬೇಲಿ

ಒಂದಾನೊಂದು ಅಡವಿಯಲ್ಲಿ ಒಂದು ಮತ್ತಿಮರ ಇತ್ತಂತೆ. ಇತ್ತಂತೆ ಏನು, ಆ ಮರವೇ ನಾನು. ಏಳು ಸಮುದ್ರ ದಾಟುವ ರಾಜಕುಮಾರ ನನ್ನ ಕಡೆ ಬರಲಿಲ್ಲ. ಕೊಡಲಿ ಹಿಡಿದವರು ಬಂದರು. ಗರಗಸದ ಬಾಯಿಗೆ ಬಿದ್ದು ಹಲಗೆಗಳಾದೆ. ಧಾರವಾಡದ ಒಂದು ಕಿರಾಣಿ ಅಂಗಡಿಗೆ ಬಾಗಿಲಾಗಿ ಬಹಳ ವರ್ಷ ದುಡಿದೆ. ಬೆಳಿಗ್ಗೆ ನನ್ನ ಹಲಗೆಗಳನ್ನು ಒಂದೊಂದಾಗಿ ಕಳಚಿ ಗೋಡೆಗೆ ಒರಗಿಸುವರು, ಸಂಜೆ ಮತ್ತೆ ಸಾಲಾಗಿ ಕೂಡಿಸುವರು. ಅಂಗಡಿಗೆ ಕಬ್ಬಿಣದ ಶಟರ್ ಬಂತು, ನನ್ನ ಕೆಲಸ ಹೋಯಿತು. ಗುಜರಿಯವನ ಹಿತ್ತಲಿನಲ್ಲಿ ಬಿಸಿಲು ಕಾಯುತ್ತ ಬಿದ್ದಿದ್ದೆ.

ಅಲ್ಲಿಂದ ನನ್ನನ್ನು ಬಿಡಿಸಿ ತಂದವಳು ಮೈಥಿಲಿ. ಮೈಸೂರಿನವಳು, ಇಲ್ಲಿಯ ಕಾಲೇಜಿನಲ್ಲಿ ಗಣಿತ ಕಲಿಸುವ ಧೀರೇಂದ್ರನನ್ನು ಮದುವೆಯಾಗಿ ಈ ಊರಿಗೆ ಬಂದಿದ್ದಳು. ಮನೆಯ ಪಕ್ಕದ ಕೈದೋಟಕ್ಕೆ ಆಡುಗಳ ಕಾಟ. ಬಡಿಗ ನನ್ನನ್ನು ಪಟ್ಟಿಪಟ್ಟಿಯಾಗಿ ಸೀಳಿ, ತುದಿ ಚೂಪು ಮಾಡಿ, ಬೇಲಿಯಾಗಿ ನಿಲ್ಲಿಸಿದ. ಒಳಗೆ ಹೂವು, ಹೊರಗೆ ರಸ್ತೆ, ನಡುವೆ ನಾನು. ಇಷ್ಟು ಚೆಂದದ ಕೆಲಸ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಆದರೆ ಮೈಮೇಲೆ ಬಣ್ಣವಿರಲಿಲ್ಲ. ಸಂಜೆ ಮಲ್ಲಿಗೆ ಬಣ್ಣ ಹಚ್ಚೋಣ ಎಂದಳು ಮೈಥಿಲಿ. ಬೇರೆಯವರನ್ನು ಕರೆಯುವುದು ಬೇಡ, ನಾನೇ ಹಚ್ಚುತ್ತೇನೆಂದು ಧೀರೇಂದ್ರ ಮಾತು ಕೊಟ್ಟ. ಮರುದಿನವೇ ಡಬ್ಬಿ ತಂದು ಮುಚ್ಚಳ ತೆಗೆದ. ಒಳಗೆ ಹಾಲಿನಂಥ ಬಿಳಿ ಬಣ್ಣ.

ಮೈಥಿಲಿ ನಕ್ಕು ನಕ್ಕು ನನ್ನ ಮೇಲೇ ಒರಗಿದಳು. ‘ಸಂಜೆ ಮಲ್ಲಿಗೆ ಅಂದ್ರೆ ಮಲ್ಲಿಗೆ ಅಲ್ಲ ಕಣ್ರೀ. ಇದು,’ ಎಂದು ನನ್ನ ಬುಡದಲ್ಲಿ ಸಂಜೆಗೆಂದೇ ಕಾದು ಅರಳಿದ್ದ ಕಡುಗುಲಾಬಿ ಹೂವನ್ನು ತೋರಿಸಿದಳು.

‘ಅಯ್ಯ, ಗುಲಬಕ್ಷಿ! ಹಂಗ ಹೇಳಬಾರದೇನ?’

‘ಗುಲಬಕ್ಷಿನಾ? ಯಾವುದೋ ಪೈಲ್ವಾನನ ಹೆಸರಿದ್ದ ಹಾಗಿದೆ.’

ಬಿಳಿ ಡಬ್ಬಿ ಅಂಗಡಿಗೆ ವಾಪಸಾಯಿತು, ಗುಲಬಕ್ಷಿ ಬಣ್ಣದ್ದು ಬಂದು ಮೆಟ್ಟಿಲ ಕೆಳಗೆ ಕೂತಿತು. ಕೂತೇ ಇತ್ತು. ಮಳೆಗಾಲ ಮುಗಿಯಲಿ, ಮರ ಒಣಗಲಿ ಎಂದ ಧೀರೇಂದ್ರ. ನಾನು ಒಣಗಿದೆ. ಪೇಪರ್ ತಿದ್ದುವುದು ಮುಗಿಯಲಿ ಎಂದ. ಅದೂ ಮುಗಿಯಿತು, ಇನ್ನೊಂದು ಪರೀಕ್ಷೆ ಬಂತು. ಮೈಥಿಲಿ ಗಿಡಗಳಿಗೆ ನೀರು ಹಾಕುವಾಗ ನನ್ನ ಚೂಪು ತುದಿಗಳನ್ನು ಸವರಿ, ನಿನ್ನ ಹೊಸ ಸೀರೆ ಬರುತ್ತೆ ಇರು ಎಂದು ನನ್ನನ್ನೇ ಸಮಾಧಾನಪಡಿಸುವಳು. ಅತ್ತ ನನ್ನ ಕಾಲಿನಲ್ಲಿ ಗೆದ್ದಲು ಮನೆ ಮಾಡಿತ್ತು. ಹೇಳೋಣವೆಂದರೆ ಮರಕ್ಕೆ ಬಾಯಿಲ್ಲ.

ಒಂದು ಮಧ್ಯಾಹ್ನ ಜ್ವರದಲ್ಲಿ ಅವಳನ್ನು ಆಟೋದಲ್ಲಿ ಕೂಡಿಸಿಕೊಂಡು ಹೋದರು. ಗೇಟು ದಾಟುವಾಗ ಅವಳ ಸೆರಗು ನನ್ನ ಮೊಳೆಗೆ ಸಿಕ್ಕಿತು. ಧೀರೇಂದ್ರ ಅವಸರದಿಂದ ಬಿಡಿಸಿದ. ಆಸ್ಪತ್ರೆಗೆ ಹೋದವಳು ತನ್ನ ಕಾಲ ಮೇಲೆ ತಿರುಗಿ ಬರಲಿಲ್ಲ.

ಮನೆ ನೋಡಿಕೊಳ್ಳಲು ಧೀರೇಂದ್ರನ ಅಕ್ಕ ಇಂದಕ್ಕ ಬಂದಳು. ಹದಿನಾಲ್ಕನೆಯ ದಿನದ ಕಾರ್ಯವೂ ಮುಗಿದು ನೆಂಟರೆಲ್ಲ ಹೋದ ಮೇಲೆ ಅವನು ಡಬ್ಬಿ ಹಿಡಿದು ತೋಟಕ್ಕೆ ಬಂದ. ಇಂದಕ್ಕ ಬೆನ್ನಿಗೇ ಓಡಿಬಂದಳು.

‘ವರ್ಷ ತುಂಬೂತನಕ ಮನೀಗೆ ಬಣ್ಣ ಹಚ್ಚಬಾರದು ಧೀರೂ. ಅದರಾಗೂ ಇಂಥಾ ಬಣ್ಣ. ಮಂದಿ ಏನಂದಾರು?’

‘ಬೇಲಿ ಮನ್ಯಾಗ ಬರ್ತದೇನ ಅಕ್ಕಾ?’

ಬರುತ್ತದೆ, ಬೇಲಿಯೊಳಗಿದ್ದುದೆಲ್ಲ ಮನೆಯೇ ಎಂದಳು ಅವಳು. ವರ್ಷವೆಂದರೆ ಎಷ್ಟು ಹೊತ್ತು, ಕಾಯಿ ಎಂದಳು. ಅವನು ನನ್ನ ಬುಡವನ್ನು ಒತ್ತಿ ತೋರಿಸಿದ. ಬೆರಳು ಹಿಟ್ಟಿನಲ್ಲಿ ಹೊಕ್ಕಂತೆ ಒಳಹೋಯಿತು. ಇದು ವರ್ಷ ನಿಲ್ಲುವುದಿಲ್ಲ ಎಂದ. ಆಮೇಲೆ ನೆಲ ನೋಡುತ್ತ ಹೇಳಿದ:

‘ದವಾಖಾನ್ಯಾಗ ಬಣ್ಣ ಆತೇನು ಅಂತ ಕೇಳಿದ್ಲು. ಆಗೇದ, ಭಾಳ ಛಂದ ಕಾಣಸ್ತದ ಅಂತ ಸುಳ್ಳ ಹೇಳೇನಿ. ಅದನ್ನ ನಂಬಿಕೊಂಡ ಹೋದ್ಲು.’

ಇಂದಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ರಸ್ತೆಯನ್ನು ನೋಡಿದಳು, ಅಡುಗೆಮನೆಯ ಕಿಟಕಿಯನ್ನು ನೋಡಿದಳು.

‘ರಸ್ತೆ ಕಡೆ ಮಾತ್ರ ಬ್ಯಾಡಪ್ಪ. ಒಳಗಿನ ಬಾಜೂ ಹಚ್ಚು. ಆಕಿ ನೋಡತಿದ್ದದ್ದೂ ಆ ಬಾಜೂನ ಅಲ್ಲೇನು.’

ಡಬ್ಬಿಯಲ್ಲಿ ಬಣ್ಣ ಕೆನೆ ಕಟ್ಟಿತ್ತು. ಇಂದಕ್ಕನೇ ಕಡ್ಡಿಯಿಂದ ಕೆನೆ ತೆಗೆದು ಕಲಸಿಕೊಟ್ಟಳು. ಧೀರೇಂದ್ರನಿಗೆ ಮರಳು ಕಾಗದದಿಂದ ಉಜ್ಜಲು ಬಾರದು, ಬ್ರಷ್ ಹಿಡಿಯಲೂ ಬಾರದು. ಬಣ್ಣ ಮೊಣಕೈವರೆಗೆ ಇಳಿಯಿತು. ಹುಳ ತಿಂದ ತೂತುಗಳಿಗೆ ಬ್ರಷ್ಷಿನ ಮೂಗು ತುರುಕಿ ತುಂಬಿದ. ನನಗೆ ಉರಿಯಿತು. ಆದರೂ ಪೊಳ್ಳಾದ ಕಾಲನ್ನು ಗಟ್ಟಿ ಊರಿ ನಿಂತೆ. ಈಗ ಬಿದ್ದರೆ ಅವನೂ ಬೀಳುವನೆಂದು ಗೊತ್ತಿತ್ತು.

ರಸ್ತೆಯಲ್ಲಿ ಹೋಗುವವರಿಗೆ ನಾನಿಂದು ಬರೀ ಬೂದು ಬಣ್ಣದ ಹಳೆಯ ಕಟ್ಟಿಗೆ. ಸಾವಾದ ಮನೆಯ ಬೇಲಿ ಹೇಗಿರಬೇಕೋ ಹಾಗೆ. ಒಳಗಿನ ಮೈ ಹೇಗಿದೆಯೆಂದು ಅವರಿಗೆ ಯಾರು ಹೇಳಬೇಕು?

ಕೊನೆಯ ಪಟ್ಟಿ ಮುಗಿದಾಗ ಬಿಸಿಲು ಇಳಿದಿತ್ತು. ಧೀರೇಂದ್ರ ಬ್ರಷ್ ಕೆಳಗಿಟ್ಟು, ಕೈ ತೊಳೆಯದೆ ಅಡುಗೆಮನೆಗೆ ಹೋದ. ಮೈಥಿಲಿ ತರಕಾರಿ ಹೆಚ್ಚಲು ಕೂರುತ್ತಿದ್ದ ಕಿಟಕಿಯ ಬಳಿ ಕೂತು ನನ್ನನ್ನು ನೋಡಿದ. ಸ್ವಲ್ಪ ಹೊತ್ತಿಗೆ, ಅವಳಿಗೂ ಕಾಣಲೆಂಬಂತೆ, ಒಂದಿಷ್ಟು ಪಕ್ಕಕ್ಕೆ ಸರಿದು ಕೂತ.