ಗದ್ದಲದ ಪರೀಕ್ಷೆ

ನಾನು ಕಾಫಿ ಕುಡಿಯುವುದಿಲ್ಲ ಎಂದರೆ ಜನ ದನಿ ತಗ್ಗಿಸಿ, "ಅಯ್ಯೋ, ಯಾವಾಗಿಂದ?" ಎನ್ನುತ್ತಾರೆ. ಹುಟ್ಟಿದಾಗಿನಿಂದ ಎಂದರೆ ಇನ್ನಷ್ಟು ಮರುಗುತ್ತಾರೆ. ಕೆಲವರು ತಮ್ಮ ಮನೆಗೆ ತರುವ ಪುಡಿಯ ಹೆಸರು ಹೇಳುತ್ತಾರೆ, ಒಳ್ಳೆಯ ಡಾಕ್ಟರ ವಿಳಾಸ ಕೊಟ್ಟ ಹಾಗೆ. ಬೀಜವನ್ನು ಕಪ್ಪಾಗುವಂತೆ ಹುರಿದು, ಪುಡಿ ಮಾಡಿ, ಬಿಸಿನೀರು ಹೊಯ್ದು, ಆ ಕಹಿಯನ್ನು ಮುಚ್ಚಲು ಹಾಲು ಸಕ್ಕರೆ ಸುರಿದು, ಕಡೆಗೆ "ಆಹಾ" ಎನ್ನುವವರೆಲ್ಲ ನೆಟ್ಟಗಿದ್ದಾರೆ. ನಾನು ಮಾತ್ರ ಕಾಯಿಲೆಯವಳು.

ಇಂಥ ನನ್ನನ್ನು ವಾರವಾರವೂ ಕಾಫಿ ಅಂಗಡಿಗೆ ಎಳೆದೊಯ್ಯುವುದು ನನ್ನ ಹೊಟ್ಟೆಪಾಡು. ಕಿವಿ ಪರೀಕ್ಷೆ ಮಾಡಿ, ಕೇಳಿಸದವರಿಗೆ ಮಷೀನು ಹೊಂದಿಸಿಕೊಡುವುದು ನನ್ನ ಕೆಲಸ. ಕ್ಲಿನಿಕ್ಕಿನ ಪರೀಕ್ಷೆ ಕೋಣೆಗೆ ಗೋಡೆ ತುಂಬ ಮೆತ್ತೆ ಬಡಿದಿದೆ. ಅಲ್ಲಿ ಹೊಸ ಮಷೀನು ಹಾಕಿಕೊಂಡವರು, "ಎಲ್ಲಾ ಕೇಳಿಸ್ತಿದೆ!" ಎಂದು ಕಣ್ಣರಳಿಸುತ್ತಾರೆ. ಬೀದಿಗೆ ಕಾಲಿಟ್ಟರೋ, ಬಸ್ಸಿನ ಹಾರ್ನೂ ಹೆಂಡತಿಯ ಮಾತೂ ಒಟ್ಟೊಟ್ಟಿಗೆ ನುಗ್ಗುತ್ತವೆ. ಮಾರನೇ ದಿನ ಮಷೀನು ಡ್ರಾಯರು ಸೇರುತ್ತದೆ. ಅದಕ್ಕೇ ಕಡೆಯ ಪರೀಕ್ಷೆಯನ್ನು ನಾನು ಗದ್ದಲದ ನಡುವೆಯೇ ಮಾಡುತ್ತೇನೆ. ಗದ್ದಲ ಬೇಕೆಂದರೆ ಪಕ್ಕದ ಕಾಫಿ ಅಂಗಡಿ ಇದೆ. ಬೀಜ ಅರೆಯುವ ಯಂತ್ರ, ಹಾಲು ಬುಸುಗುಟ್ಟಿಸುವ ಯಂತ್ರ, ಚಮಚ, ಸಾಸರು, ಮೇಲಿನ ಸ್ಪೀಕರಿನಿಂದ ಯಾರೋ ಒಬ್ಬನ ವಿರಹದ ಹಾಡು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ "ಇಲ್ಲಿ ನೆಮ್ಮದಿ ಸಿಗುತ್ತದೆ" ಎಂದು ಬರೆಸಿದ್ದಾರೆ. ಬರೆಸಿದವರ ಕಿವಿಯನ್ನು ಒಮ್ಮೆ ಪರೀಕ್ಷೆ ಮಾಡಬೇಕು ಎಂದು ನನಗೆ ಬಹಳ ದಿನದ ಆಸೆ.

ಆ ಬುಧವಾರ ನಾನು ಕರೆದುಕೊಂಡು ಹೋದದ್ದು ನನ್ನ ಅತ್ತೆಯನ್ನು. ಅತ್ತೆ ನಿವೃತ್ತ ಟೆಲಿಫೋನ್ ಆಪರೇಟರ್. ಒಂದು ಕಾಲದಲ್ಲಿ ಊರಿನ ಯಾವ ಮಾತೂ ಅವರ ಕಿವಿ ದಾಟದೆ ಇನ್ನೊಬ್ಬರನ್ನು ಮುಟ್ಟುತ್ತಿರಲಿಲ್ಲ. ಅಂಥವರಿಗೆ ಕಿವಿ ಮಂದವಾಗಿದೆ ಎಂದು ಹೇಳುವ ಧೈರ್ಯ ಯಾರಿಗಿದೆ? ನನ್ನ ಗಂಡನಿಗಂತೂ ಇಲ್ಲ. ಈ ವಿಷಯ ಬಂದಾಗಲೆಲ್ಲ ಅವರಿಗೆ ಸ್ಕೂಟರ್ ಒರೆಸುವುದು ನೆನಪಾಗುತ್ತದೆ.

"ನನ್ನ ಕಿವಿಗೇನೇ ಆಗಿದೆ? ಈಗಿನವರಿಗೆ ಬಾಯಿ ಬಿಟ್ಟು ಮಾತಾಡೋಕೆ ಬರಲ್ಲ ಅಷ್ಟೇ," ಎಂದು ಅತ್ತೆ ವರ್ಷಗಟ್ಟಲೆ ತಳ್ಳಿಕೊಂಡು ಬಂದಿದ್ದರು. ಪ್ರತಿ ಬುಧವಾರ ಇದೇ ಅಂಗಡಿಯ ಮೂಲೆಯ ಮೇಜಿನಲ್ಲಿ ಅವರ ಗೆಳತಿಯರ ಹರಟೆ ನಡೆಯುತ್ತಿತ್ತು. ಕೇಳಿಸದಿದ್ದರೂ ಅತ್ತೆ ಎಲ್ಲರ ಮುಖ ನೋಡಿ, ನಗುವ ಕಡೆ ನಕ್ಕು ನಿಭಾಯಿಸುತ್ತಿದ್ದರು. ಒಂದು ದಿನ ಅವರ ಜೀವದ ಗೆಳತಿ, ನಾವೆಲ್ಲ ಲೈಬ್ರರಿಯಮ್ಮ ಎನ್ನುವವರು, ತನ್ನ ಗಂಡನಿಗೆ ಕ್ಯಾನ್ಸರ್ ಎಂದು ರಿಪೋರ್ಟ್ ಬಂದದ್ದನ್ನು ಹೇಳಿದರು. ಆ ಅಮ್ಮನಿಗೆ ಅಳು ತಡೆಯಲು ತುಟಿ ಅಗಲಿಸುವ ಅಭ್ಯಾಸ. ಅತ್ತೆ ಅದನ್ನು ನಗು ಎಂದುಕೊಂಡು ಗಟ್ಟಿಯಾಗಿ ನಕ್ಕುಬಿಟ್ಟರು.

ಅವತ್ತಿನಿಂದ ಅತ್ತೆ ಹೊಸ್ತಿಲು ದಾಟಿರಲಿಲ್ಲ. ಫೋನ್ ಮುಟ್ಟಲಿಲ್ಲ. ಮನೆಯಲ್ಲೂ ಮಾತು ನಿಂತಿತು. ನಾನು ಸೌಟನ್ನು ತಪ್ಪು ಮೊಳೆಗೆ ನೇತುಹಾಕಿದರೂ ಬೈಯದೆ ಸುಮ್ಮನೆ ನೋಡಿ ಒಳಗೆ ಹೋಗುತ್ತಿದ್ದರು. ಬೆಳಿಗ್ಗೆ ನನ್ನ ಮುಂದೆ ಒಂದು ಲೋಟ ಕಾಫಿ ಇಡುವುದನ್ನು ಮಾತ್ರ ಬಿಟ್ಟಿರಲಿಲ್ಲ. ಕಾಡಿ ಬೇಡಿ ಮಷೀನಿಗೆ ಒಪ್ಪಿಸಿದಾಗ ಅವರು ಹಾಕಿದ ಷರತ್ತು ಒಂದೇ.

"ಅದೇ ಅಂಗಡೀಲಿ ಕೇಳಿಸ್ಬೇಕು. ಇಲ್ಲಾಂದ್ರೆ ಡಬ್ಬಿಗೆ ಹಾಕಿ ನಿನ್ನ ಕೈಗೆ ಕೊಡ್ತೀನಿ. ಇನ್ಯಾವತ್ತೂ ನೀನು ಕಿವಿ ಸುದ್ದಿ ಎತ್ತಬಾರದು."

ಆ ಬುಧವಾರ ಅತ್ತೆಯ ಕಿವಿಗೆ ಮಷೀನು ಹಾಕಿಸಿ ಅಂಗಡಿಯ ಒಳಗೆ ಹೋದೊಡನೆ ಕಣ್ಣಿಗೆ ಬಿದ್ದದ್ದು ಮೂಲೆಯ ಮೇಜು. ಲೈಬ್ರರಿಯಮ್ಮ, ಜೊತೆಗೆ ಇನ್ನಿಬ್ಬರು. ಅತ್ತೆ ಅವರಿಗೆ ಬೆನ್ನು ಹಾಕಿ ಕಿಟಕಿಯ ಪಕ್ಕ ಕೂತರು. ಕೈಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡರು, ಬಸ್ಸು ಬಂದರೆ ಹತ್ತಿಬಿಡುವವರಂತೆ. ನಾನು ಎರಡು ಕಾಫಿ ಹೇಳಿ ಬಂದೆ. ಒಂದು ಅವರಿಗೆ, ಇನ್ನೊಂದು ನಾನು ಕೂರುವ ಕುರ್ಚಿಗೆ ಬಾಡಿಗೆ.

"ಅತ್ತೆ, ಈಗ ನಾನು ಹೇಳೋದು ಕೇಳಿಸ್ತಾ?"

"ಆ?"

"ಕೇಳಿಸ್ತಾ ಅಂದೆ."

"ಪಾತ್ರೆ ತೊಳೆಯೋದು ಕೇಳಿಸ್ತಿದೆ. ಯಾವನೋ ಅಳೋದು ಕೇಳಿಸ್ತಿದೆ. ನಿನ್ನದು ಬರೀ ಬಾಯಿ ಅಲ್ಲಾಡ್ತಿದೆ."

ಇದಕ್ಕೂ ನನ್ನ ಬಳಿ ಮದ್ದಿತ್ತು. ಅಂಗಿಯ ಕಾಲರಿಗೆ ಸಿಕ್ಕಿಸುವ ಒಂದು ಪುಟ್ಟ ಮೈಕು ಬರುತ್ತದೆ. ಅದನ್ನು ಹಾಕಿಕೊಂಡವರ ಮಾತು ಗದ್ದಲವನ್ನು ಬಿಟ್ಟು ನೇರ ಮಷೀನಿಗೆ ಹೋಗುತ್ತದೆ. ಹಸಿರು ದೀಪ ಹತ್ತಿದರೆ ಎರಡೂ ಕೂಡಿಕೊಂಡಿವೆ ಎಂದು ಅರ್ಥ. ನನ್ನ ಕಾಲರಿಗೆ ಸಿಕ್ಕಿಸಿ ಗುಂಡಿ ಒತ್ತಿದೆ. ಕೆಂಪು ಮಿಣುಕಿತು. ಮತ್ತೆ ಒತ್ತಿದೆ. ಮತ್ತೆ ಕೆಂಪು. ಕ್ಲಿನಿಕ್ಕಿನಲ್ಲಿ ಬೆಳಗಿನಿಂದ ಹೇಳಿದಂತೆ ಕೇಳಿದ್ದ ಯಂತ್ರ, ಅತ್ತೆಯ ಎದುರು ನನ್ನ ಮಾನ ತೆಗೆಯಲು ನಿಂತಿತ್ತು.

ಅತ್ತೆ ಕಿಟಕಿಯ ಕಡೆ ತಿರುಗಿ, "ಡಬ್ಬಿ ತಂದಿದೀಯಲ್ಲ?" ಎಂದರು.

ಅಷ್ಟರಲ್ಲಿ ಕೌಂಟರಿನಿಂದ ಕರೆ ಬಂತು. ಗುಂಡಿಯನ್ನು ಕಡೆಯ ಸಲ ಒತ್ತಿ, ನಾನು ಸಿಡುಕಿಕೊಂಡು ಎದ್ದೆ.

ಅಂಗಡಿಯ ಮಾಲೀಕ ಗಡ್ಡದವನು, ನನಗೆ ಹಳೇ ಪರಿಚಯ. ಹಾಲಿನ ನೊರೆಯ ಮೇಲೆ ಎಲೆಯ ಚಿತ್ರ ಬಿಡಿಸುವುದರಲ್ಲಿ ಮುಳುಗಿದ್ದ. ಎರಡು ನಿಮಿಷದಲ್ಲಿ ಹೊಟ್ಟೆ ಸೇರುವ ಎಲೆಗೆ ನರಗಳನ್ನೂ ಬಿಡಿಸುತ್ತಿದ್ದ.

"ಏನ್ ಮೇಡಂ, ಮುಖ ಇಷ್ಟು ಸಣ್ಣ ಆಗಿದೆ? ಇವತ್ತಾದ್ರೂ ಒಂದು ಗುಟುಕು ಕುಡೀರಿ, ಎಲ್ಲಾ ಸರಿಹೋಗುತ್ತೆ."

"ಕಾಫೀಲಿ ಸರಿಹೋಗೋದಾಗಿದ್ರೆ ನಮ್ಮನೆ ಸಿಂಕು ಇಷ್ಟೊತ್ತಿಗೆ ಉದ್ಧಾರ ಆಗಿರ್ತಿತ್ತು," ಎಂದೆ. "ಮದುವೆ ಆದಾಗಿಂದ ನಮ್ಮತ್ತೆ ಬೆಳಿಗ್ಗೆ ಎದ್ದು ಕಾಫಿ ಮಾಡಿಕೊಡ್ತಾರೆ. ನಾನು ಚೆನ್ನಾಗಿದೆ ಅತ್ತೆ ಅಂದ್ಕೊಂಡು ಅಡುಗೆಮನೆಗೆ ಹೋಗಿ ಸಿಂಕಿಗೆ ಸುರೀತೀನಿ. ಆ ಸಿಂಕಿಗೆ ರಾತ್ರಿ ನಿದ್ದೆ ಬರುತ್ತೋ ಇಲ್ವೋ."

ಗಡ್ಡದವನು ಎದೆ ಮುಟ್ಟಿಕೊಂಡ. "ಪಾಪ ಹತ್ತುತ್ತೆ ಮೇಡಂ. ಹೇಳಿಬಿಡಬಾರದಾ?"

"ಯಾರಿಗೆ ಹೇಳೋದು? ಅವರ ಹಠ ನಿಮಗೆ ಗೊತ್ತಿಲ್ಲ. ಮೂಗಿನ ಮೇಲೇ ಸಿಟ್ಟು. ಸೌಟು ಆ ಮೊಳೆಗೇ ಹಾಕಬೇಕು, ಬಟ್ಟೆ ಹೀಗೇ ಮಡಚಬೇಕು. ಬೆಳಿಗ್ಗೆಯಿಂದ ಸಂಜೆವರೆಗೆ ಬೈಗುಳ." ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಈಗ ಬೈಯೋದೇ ಇಲ್ಲ ಕಣ್ರೀ. ಸೌಟು ನೆಲದ ಮೇಲೆ ಬಿದ್ದಿದ್ರೂ ಏನೂ ಅನ್ನಲ್ಲ. ಆ ಹೆಂಗಸು ಹೀಗೆ ಸುಮ್ಮನೆ ಕೂತಿರೋದನ್ನ ನನ್ನ ಕೈಲಿ ನೋಡಕ್ಕಾಗ್ತಿಲ್ಲ. ಊರವರ ಕಿವಿಯೆಲ್ಲ ಸರಿ ಮಾಡ್ತೀನಿ, ನಮ್ಮನೆಯವರದ್ದು ಮಾಡೋಕಾಗಲಿಲ್ಲ. ಅಲ್ಲಿ ಅವರ ಗೆಳತಿ ಕೂತಿದಾರೆ. ಹೋಗಿ, ಅವತ್ತು ಕೇಳಿಸಲಿಲ್ಲ ಅಂದ್ರೆ ಮುಗೀತು. ಆದ್ರೆ ಅವರು ಸೋಲ್ತಾರಾ?"

ಗಡ್ಡದವನು ನನ್ನ ಕಾಲರನ್ನು ನೋಡುತ್ತಿದ್ದ.

"ಮೇಡಂ, ಅಲ್ಲೇನೋ ಹಸಿರು ದೀಪ ಉರೀತಿದೆ."

ಕಾಲ ಕೆಳಗಿನ ನೆಲ ಕುಸಿಯಿತು ಎನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ಕುಸಿದಿದ್ದರೆ ಒಳಗೆ ಸೇರಿಕೊಳ್ಳುತ್ತಿದ್ದೆ. ನಾನು ತಿರುಗಿ ನೋಡಿದೆ. ಅತ್ತೆ ಕಿಟಕಿಯ ಕಡೆಯೇ ಮುಖ ಮಾಡಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಎರಡು ಕಪ್ಪುಗಳನ್ನು ಹಿಡಿದು ಹೊರಟೆ. ಕಪ್ಪುಗಳನ್ನು ಇಟ್ಟು ಎದುರು ಕೂತೆ. ದೀಪ ಹಸಿರಾಗಿಯೇ ಇತ್ತು.

"ಅತ್ತೆ... ಯಾವಾಗಿಂದ?"

"ಸಿಂಕಿನಿಂದ," ಎಂದರು ಅತ್ತೆ.

"ಅಲ್ಲಿಂದಲೇ ಒಂದು ಸನ್ನೆ ಮಾಡಬಾರದಿತ್ತಾ?"

"ನಾನು ಆಪರೇಟರ್ ಆಗಿದ್ದವಳು ಕಣೇ. ಲೈನಲ್ಲಿ ಇಬ್ಬರು ಮಾತಾಡ್ತಿರುವಾಗ ಮಧ್ಯೆ ಬಾಯಿ ಹಾಕಬಾರದು ಅಂತ ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಟ್ಟಿದ್ರು." ಸೆರಗಿನ ತುದಿಯಿಂದ ಕಣ್ಣಿನ ಮೂಲೆ ಒರೆಸಿಕೊಂಡರು. ಆಮೇಲೆ ಕೈಚೀಲವನ್ನು ಮೇಜಿನ ಮೇಲಿಟ್ಟರು. "ಬಗ್ಗು."

ನಾನು ಬಗ್ಗಿದೆ. ತಿಂಗಳುಗಟ್ಟಲೆ ಕೂಡಿಟ್ಟ ಬೈಗುಳವೆಲ್ಲ ಈಗ ಒಟ್ಟಿಗೆ ಬರುತ್ತದೆ ಎಂದುಕೊಂಡೆ. ಅತ್ತೆ ನನ್ನ ಕಾಲರಿನಿಂದ ಮೈಕನ್ನು ಬಿಡಿಸಿ ಅಂಗೈಯಲ್ಲಿ ಹಿಡಿದುಕೊಂಡು ಎದ್ದರು.

"ಎರಡೂ ಕಪ್ಪು ಮುಗಿಸು. ಇಲ್ಲಿ ಸಿಂಕಿಲ್ಲ."

ನೇರವಾಗಿ ಮೂಲೆಯ ಮೇಜಿಗೆ ಹೋದರು. ಅತ್ತೆ ಕುರ್ಚಿ ಎಳೆದು ಕೂತು, ಮೈಕನ್ನು ಲೈಬ್ರರಿಯಮ್ಮನ ಕಪ್ಪಿನ ಪಕ್ಕದಲ್ಲಿಟ್ಟರು. ಕಿವಿ ಮಂದವಿರುವವರ ದನಿ ಯಾವಾಗಲೂ ಕೊಂಚ ಎತ್ತರ. ಇಡೀ ಅಂಗಡಿಗೆ ಕೇಳಿಸಿತು.

"ಅವತ್ತು ನೀನು ಹೇಳಿದ್ದು ನನಗೆ ಕೇಳಿಸಿರಲಿಲ್ಲ ಕಣೇ. ನನಗೆ ಕಿವಿ ಕೇಳಲ್ಲ. ನೀನು ನಗ್ತಿದೀಯ ಅಂದ್ಕೊಂಡು ನಕ್ಕುಬಿಟ್ಟೆ. ಈಗ ಹೇಳು. ಮೊದಲಿಂದ ಹೇಳು."

ಲೈಬ್ರರಿಯಮ್ಮ ತಮ್ಮ ಕಪ್ಪನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಆ ಪುಟ್ಟ ಮೈಕಿನ ಕಡೆ ಬಾಗಿ ಮಾತು ಶುರು ಮಾಡಿದರು. ಅದೇ ಹೊತ್ತಿಗೆ ಗಡ್ಡದವನು ಬೀಜ ಅರೆಯುವ ಯಂತ್ರ ಹಾಕಿದ. ಹಾಲು ಬುಸುಗುಟ್ಟಿತು. ಆ ಅಮ್ಮನ ತುಟಿ ಅಲ್ಲಾಡುವುದಷ್ಟೇ ನನಗೆ ಕಾಣುತ್ತಿತ್ತು, ಒಂದಕ್ಷರವೂ ಕೇಳಿಸಲಿಲ್ಲ. ಅತ್ತೆ ಮಾತ್ರ ಗೆಳತಿಯ ಕೈ ಹಿಡಿದುಕೊಂಡು, ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದರು.

ನನ್ನ ಕಪ್ಪಿನಲ್ಲಿ ನರಗಳಿದ್ದ ಎಲೆ ತೇಲುತ್ತಿತ್ತು. ಕಣ್ಣು ಮುಚ್ಚಿ ಕುಡಿದೆ. ನಾನು ಅಂದುಕೊಂಡಿದ್ದಷ್ಟೇ ಕೆಟ್ಟದಾಗಿತ್ತು. ಕಣ್ಣು ಬಿಟ್ಟಾಗ ಅತ್ತೆ ಅಲ್ಲಿಂದಲೇ ಕತ್ತು ಹೊರಳಿಸಿ ನನ್ನ ಮೇಜನ್ನು ನೋಡುತ್ತಿದ್ದರು. ನಾನು ಎರಡನೆಯ ಕಪ್ಪನ್ನು ಹತ್ತಿರ ಎಳೆದುಕೊಂಡೆ.