ಮೌನೇಶಪ್ಪನ ಎರಡು ಹಿಡಿಯ ಚಾಕು

"ಇದು ಚಾಕು ಅಲ್ಲರೀ, ನಿಮ್ಮಣ್ಣನ ಸಿಟ್ಟು! ಸಾಣೆ ಸಾಬರು ಬಾಗಲದಾಗ ನಿಂತಾರ, ಕೊಟ್ಟ ಬಿಡ್ರಿ. ಮುರದರ ಹಾಕ್ಲಿ," ಎಂದಳು ಇಂದ್ರವ್ವ, ಗಂಡ ಕಾಳಪ್ಪನಿಗೆ.

ಆಕೆ ಅಂದದ್ದು ನನ್ನನ್ನೇ. ನಾನು ಒಂದು ಚಾಕು. ಆದರೆ ನೀವು ಬದನೆಕಾಯಿ ಹೆಚ್ಚುವಂಥದ್ದಲ್ಲ. ನನಗೆ ಹಿಡಿಗಳು ಎರಡು. ಮುಚ್ಚಿದಾಗ ಅಲಗನ್ನು ನಡುವೆ ಅಡಗಿಸಿಕೊಳ್ಳುತ್ತವೆ. ಬಿಚ್ಚಿದಾಗ ಪಾತರಗಿತ್ತಿಯ ರೆಕ್ಕೆಗಳಂತೆ ಅತ್ತೊಂದು ಇತ್ತೊಂದು ತಿರುಗಿ, ಹಿಂದೆ ಮತ್ತೆ ಕೂಡುತ್ತವೆ. ಒಂದು ಹಿಡಿಯ ತುದಿಗಿರುವ ಕೊಂಡಿ ಎರಡನ್ನೂ ಬಿಗಿಯುತ್ತದೆ.

ಹುಟ್ಟಿದ್ದು ಹುಬ್ಬಳ್ಳಿಯ ಒಂದು ಕುಲುಮೆಯಲ್ಲಿ. ಕಾಳಪ್ಪನ ಅಣ್ಣ ಮೌನೇಶಪ್ಪ ಸವೆದ ಅರವೊಂದನ್ನು ಬಡಿದು ನನಗೆ ಅಲಗು ಮಾಡಿದ. ಹಳೆಯ ಹಿತ್ತಾಳೆ ಚಿಲಕಗಳನ್ನು ಕರಗಿಸಿ ಹಿಡಿಗಳನ್ನು ಎರೆದ. ಇಂಥ ಚಾಕುವನ್ನು ಆತ ಕಂಡದ್ದು ಒಮ್ಮೆ ಮಾತ್ರ, ಕಾರವಾರದ ಬಂದರಿನಲ್ಲಿ, ಯಾವನೋ ನಾವಿಕನ ಕೈಯಲ್ಲಿ. ಉಳಿದದ್ದೆಲ್ಲ ಅವನ ತಲೆಯದೇ. "ಈ ಕೊಂಡಿ ಜೋತಾಡಬಾರದು, ಹಿಡದ ಕೈಯಾಗ ಇರಬೇಕು," ಎಂದು ನನ್ನೊಡನೆ ಮಾತಾಡುತ್ತಲೇ ಕೊಂಡಿಯ ಪಕ್ಕ ಹೆಬ್ಬೆರಳು ಕೂರುವಷ್ಟು ಸಣ್ಣ ಕುಳಿ ತೋಡಿದ. ಚಹಾ ಕುಡಿದ ಮೇಲೆ ಮೂರು ಸಲ ಬಿಚ್ಚಿ ಮುಚ್ಚುತ್ತಿದ್ದ: ಟಕ್, ಟಕ್, ಟಕ್. ಅವನನ್ನು ನಾನು ಒಮ್ಮೆಯೂ ಕಚ್ಚಲಿಲ್ಲ.

ಮಾಡಿದ್ದು ತಮ್ಮನಿಗಾಗಿ. ಕೊಡಲು ತಂದದ್ದು ಕಾಳಪ್ಪ ಒಲೆ ಬೇರೆ ಹೂಡಲು ಹೊರಟ ದಿನ. ಆ ಮನೆಯಲ್ಲಿ ಅಲಗನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಡುವವರು ನೆಲದ ಮೇಲಿಟ್ಟು ಕೈ ಹಿಂದೆಗೆಯಬೇಕು. ಆಮೇಲೆ ಪಡೆಯುವವರು ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಇಬ್ಬರ ನಡುವಿನ ನಂಟು ಮುರಿಯುತ್ತದಂತೆ. ಮೌನೇಶಪ್ಪ ನನ್ನನ್ನಿಡಲು ಬಗ್ಗುತ್ತಿದ್ದ. ಬೆಳಗಿನಿಂದ ಮಾತಿಗೆ ಮಾತು ಬೆಳೆಸಿದ್ದ ತಮ್ಮ ಅಷ್ಟರಲ್ಲೇ ಕಸಿದುಕೊಂಡ.

"ತಡೀಯೋ, ಒಂದ ಮಾತ ಹೇಳೂದೈತಿ."

"ಹುಟ್ಟಿದಾಗಿಂದ ನಿನ್ನ ಮಾತ ಕೇಳೀನಿ. ಸಾಕು ಬಿಡು!"

ಹದಿನೆಂಟನೆಯ ದಿನ ಮೌನೇಶಪ್ಪ ಕುಲುಮೆಯ ಮುಂದೆಯೇ ಎದೆ ಹಿಡಿದುಕೊಂಡು ಕುಸಿದ. ಅಣ್ಣನನ್ನು ಮಣ್ಣು ಮಾಡಿ ಬಂದ ಕಾಳಪ್ಪ ಮೊದಲ ಬಾರಿಗೆ ನನ್ನನ್ನು ಬಿಚ್ಚಿದ. ಜೋತಾಡುವ ಕೊಂಡಿಯ ಹಿಡಿಯನ್ನು ಬಿಟ್ಟು ಇನ್ನೊಂದನ್ನು ಹಿಡಿದ. ಅಲಗು ತಿರುಗಿ ಬೆರಳ ಗೆಣ್ಣುಗಳ ಮೇಲೆ ಬಿತ್ತು. ಹಾಗಲ್ಲ ತಮ್ಮಾ, ಹಾಗಲ್ಲ ಎಂದು ಕೂಗಬೇಕೆನಿಸಿತು. ಆದರೆ ನನ್ನ ಬಾಯಿಗೆ ಬರುವುದು ಕೊಯ್ಯುವುದೊಂದೇ.

ಪ್ರತಿ ಆಯುಧಪೂಜೆಗೆ ಆತ ಮತ್ತೆ ಬಿಚ್ಚುತ್ತಿದ್ದ, ನಾನು ಮತ್ತೆ ಕಚ್ಚುತ್ತಿದ್ದೆ. ಇಂದ್ರವ್ವ ಗಾಯಕ್ಕೆ ಅರಿಷಿಣದ ಬಟ್ಟಲನ್ನು ಮೊದಲೇ ತಂದಿಟ್ಟಿರುತ್ತಿದ್ದಳು. "ಅಣ್ಣನ ಮನಸು ಇನ್ನಾ ತಿಳಿ ಆಗಿಲ್ಲ," ಎನ್ನುತ್ತಿದ್ದ ಕಾಳಪ್ಪ. ಬೇಸಗೆಯ ಮಧ್ಯಾಹ್ನ ಹಿತ್ತಾಳೆ ಕಾದು ಟ್ರಂಕಿನೊಳಗೆ ನಾನು ಟಕ್ ಎಂದರೆ ಸಾಕು, ಕೈಯಲ್ಲಿದ್ದ ಚಹಾ ಕೆಳಗಿಟ್ಟು ಟ್ರಂಕಿನತ್ತ ನೋಡುತ್ತ ಕುಳಿತುಬಿಡುತ್ತಿದ್ದ. ಅಣ್ಣ ಅಂದು ಹೇಳಬಂದದ್ದು ಶಾಪವೇ ಎಂದು ನಂಬಿಕೊಂಡು ಇಪ್ಪತ್ತೆರಡು ವರ್ಷ ಸವೆಸಿದ.

ಇಂದ್ರವ್ವ ಹೇಳಿದಂತೆ ಬಾಗಿಲಲ್ಲಿ ನಿಂತಿದ್ದ ಸಾಣೆಯ ದಸ್ತಗೀರಸಾಬನ ಕೈಗೆ ಬಂದೆ, ಆದರೆ ಆತ ನನ್ನನ್ನು ಮುರಿಯಲಿಲ್ಲ. ಉಗುರಿನಿಂದ ಬಡಿದು ಕಿವಿಗಿಟ್ಟುಕೊಂಡ. ಬೆರಳ ಮೇಲೆ ನಿಲ್ಲಿಸಿ ತೂಕ ನೋಡಿದ.

"ಅಲಗು ಖರೇ ಉಕ್ಕು. ಹಿತ್ತಾಳಿ ಜರಾ ವಜ್ಜ ಆತು. ಆದ್ರ ಕೊಂಡಿ ಉಲ್ಟಾ ಹಚ್ಚ್ಯಾನ ನೋಡು. ಬ್ಯಾರೆ ಇಂಥಾ ಚಾಕೂಗೆ ಹರಿತ ಬಾಯಿ ಕಡೆ ಹಿಡೀಗೆ ಇರತೈತಿ. ಇದಕ್ಕ ಮೊಂಡ ಬೆನ್ನ ಕಡೆ ಹಿಡೀಗೆ ಐತಿ."

"ಅಂದ್ರ ನಮ್ಮಣ್ಣ ತಪ್ಪ ಮಾಡಿದ್ನ?"

"ತಪ್ಪಲ್ಲೋ ಮಾರಾಯಾ! ಬೇಕಂತ ಮಾಡ್ಯಾನ. ಇಲ್ಲಿ ಹೆಬ್ಬಟ್ಟಿಗೆ ಕುಳಿ ತೋಡ್ಯಾನ, ಕಾಣಸ್ತೈತಿಲ್ಲ? ಕೊಂಡೀ ಕಡೆ ಹಿಡಿ, ಕಡಿಯಂಗಿಲ್ಲ. ಇದನ್ನ ಕೊಡೂ ಮುಂದ ಹೇಳಲಿಲ್ಲೇನು ಅವ?"

ಕಾಳಪ್ಪ ತನ್ನ ಗೆಣ್ಣುಗಳ ಮೇಲಿನ ಹಳೆಯ ಗಾಯದ ಗೆರೆಗಳನ್ನು ಸವರಿಕೊಂಡ.

"ಹೇಳಾಕ ಬಂದಿದ್ದ ಸಾಬ್ರ. ನಾನ ಕೇಳಲಿಲ್ಲ."

ಸಾಬ ಸೈಕಲ್ಲು ತಳ್ಳಿಕೊಂಡು ಹೋದ ಮೇಲೆ ಕಾಳಪ್ಪ ನನ್ನನ್ನು ಮುಚ್ಚಿ ಪಡಸಾಲೆಯ ನೆಲದ ಮೇಲಿಟ್ಟ. ಎದುರಿಗೆ ಹೋಗಿ ಕುಳಿತ. ಯಾರೋ ಬಗ್ಗಿ, ಇಟ್ಟು, ಕೈ ಹಿಂದೆಗೆಯುವಷ್ಟು ಹೊತ್ತು ಕಾದ. ಆಮೇಲೆ ಕುಳಿಯಲ್ಲಿ ಹೆಬ್ಬೆರಳಿಟ್ಟು ಎತ್ತಿಕೊಂಡು ಬಿಚ್ಚಿದ, ಮುಚ್ಚಿದ. ಮೂರು ಸಲ.

ಅರಿಷಿಣದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದ ಇಂದ್ರವ್ವ, ಹಾಗೇ ಹಿಂದಿರುಗಿ ಚಹಾಕ್ಕೆ ನೀರಿಟ್ಟಳು.